ನೀಲಗಂಗವ್ವನ ಮೂರನೆಯ ತಿರುವು

ನಮ್ಮೂರಿನ ಟಾಕೀಸಿನಲ್ಲಿ ಮಧ್ಯಂತರ ಇಲ್ಲ. ಪರಊರಿನವರು ಅದನ್ನು ಕಂಡು, ಮಾಲೀಕ ಜಿಪುಣನಿರಬೇಕು, ಚಹಾ ಮಾರುವವರ ಹೊಟ್ಟೆಯ ಮೇಲೆ ಕಾಲಿಟ್ಟಿದ್ದಾನೆ ಎಂದು ಬೈದುಕೊಳ್ಳುತ್ತಾರೆ. ಹಾಗೇನಿಲ್ಲ. ಹಿಂದೊಮ್ಮೆ ಮಧ್ಯಂತರ ಕೊಟ್ಟಿದ್ದರು. ದೀಪ ಹತ್ತಿದ್ದೇ ತಡ, ಹಿಂದಿನ ಬೆಂಚಿನಲ್ಲಿ ಯಾರೋ ಬಾಯಿ ತಡೆಯಲಾರದೆ ಪಕ್ಕದವರನ್ನು "ಮುಂದೇನಾತು?" ಎಂದು ಕೇಳಿಬಿಟ್ಟರು. ದೀಪ ಆರಿ ಚಿತ್ರ ಮತ್ತೆ ಶುರುವಾಗುವ ಹೊತ್ತಿಗೆ ಟಿಕೀಟು ಹರಿಯುವ ಹುಸೇನಸಾಬರು ಮಾಲೀಕರ ಕುರ್ಚಿಯಲ್ಲಿ ಕೂತಿದ್ದರು, ಮಾಲೀಕರು ಬಾಗಿಲಲ್ಲಿ ನಿಂತು ಟಿಕೀಟು ಹರಿಯುತ್ತಿದ್ದರು. ಇಬ್ಬರೂ ಹೊಂದಿಕೊಂಡರು. ಈಗ ಟಾಕೀಸು ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆ. ಮಧ್ಯಂತರ ಮಾತ್ರ ತೆಗೆದರು.

ಅದಕ್ಕೇ ನಮ್ಮಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಮೊದಲು ಹೂಂ ಅನ್ನುವುದನ್ನು ಕಲಿಸುತ್ತಾರೆ. ಯಾರೇ ಏನೇ ಹೇಳುತ್ತಿರಲಿ, ಕೇಳುವವರು ಹೂಂ ಅಂದರೆ ಲೋಕ ನಡೆದ ದಾರಿಯಲ್ಲೇ ನಡೆಯುತ್ತದೆ. ಆ ಇನ್ನೊಂದು ಮಾತನ್ನು ಕೇಳಿದರೆ ಹೊರಳುತ್ತದೆ. ಎತ್ತ ಹೊರಳುತ್ತದೆಂದು ಹೇಳಲು ಬರುವುದಿಲ್ಲ. ನಳದ ಹತ್ತಿರ ಹೆಂಗಸರು ಕೊಡ ತುಂಬುವ ತನಕ ಎಷ್ಟು ಬಿಸಿಬಿಸಿ ಸುದ್ದಿ ಆಡಿದರೂ ಹೂಂ, ಹೂಂ ಎನ್ನುತ್ತ ಸೆರಗಿನಿಂದ ಬಾಯಿ ಒತ್ತಿಕೊಳ್ಳುತ್ತಾರೆ. ಇತಿಹಾಸದ ಮಾಸ್ತರರು ಪಾಣಿಪತದ ಯುದ್ಧವನ್ನು ಮೊದಲು ಕಡೆಯಿಂದ ಹೇಳಿ, ಯಾರು ಸತ್ತರು ಯಾರು ಗೆದ್ದರು ಎಂದು ಎಲ್ಲರಿಗೂ ಗೊತ್ತಾದ ಮೇಲೆ ಶುರುವಿಗೆ ಬರುತ್ತಾರೆ. ಓದುವ ನೀವೂ ದಯಮಾಡಿ ಹೂಂ ಅನ್ನುತ್ತಲೇ ಓದಬೇಕು.

ನಾನು ಊರಿನ ಹೂಂಗುಡುವವನು. ಸಂಗಯ್ಯ ಎಂದು ಹೆಸರು. ನನ್ನ ಅಜ್ಜ ಮಠದಲ್ಲಿ ಪುರಾಣ ಓದುತ್ತಿದ್ದ. ಶ್ರಾವಣ ಬಂತೆಂದರೆ ಮಠದ ಪಡಸಾಲೆ ತುಂಬುತ್ತಿತ್ತು. ಅಜ್ಜ ಷಟ್ಪದಿಯನ್ನು ರಾಗ ಕಟ್ಟಿ ಎತ್ತಿದಾಗ ಕಂಬಕ್ಕೆ ಒರಗಿ ಕೂತು ಹೂಂ ಎನ್ನುವುದು ನನ್ನ ಕೆಲಸ. ಆರು ಸಾಲಿನ ಪದ್ಯದಲ್ಲಿ ಮೂರನೆಯದು ಉದ್ದ, ಆರನೆಯದೂ ಉದ್ದ. ಅಲ್ಲಿ ಅಜ್ಜನ ಉಸಿರು ಇಳಿಯುತ್ತಿತ್ತು, ಅಲ್ಲಿ ನನ್ನ ಹೂಂ ಕೂಡುತ್ತಿತ್ತು. ಅಭಿಮನ್ಯು ಚಕ್ರವ್ಯೂಹಕ್ಕೆ ಕಾಲಿಟ್ಟಾಗಲೂ ನಾನು ಹೂಂ ಎಂದಿದ್ದೇನೆ, ಕಣ್ಣೀರು ಒರೆಸಿಕೊಂಡು. ಅವನ ಗತಿ ಏನಾಯಿತೆಂದು ಗೊತ್ತಿತ್ತಲ್ಲ, ಕೇಳುವ ಪ್ರಸಂಗ ಬರಲಿಲ್ಲ. ಆ ಸಾಧನೆಯಿಂದ ಈಗ ಬಾವಿ ತೋಡಿಸುವವರು, ಬೀಗತನಕ್ಕೆ ಹೊರಡುವವರು, ಹಲ್ಲು ಕೀಳಿಸಿಕೊಳ್ಳುವವರು ನನ್ನನ್ನು ಕರೆಯುತ್ತಾರೆ. ಅವರು ತಮ್ಮ ವಿಚಾರ ಹೇಳುತ್ತಾರೆ, ನಾನು ದೇವರನ್ನು ನೆನೆದು ಹೂಂ ಎನ್ನುತ್ತೇನೆ, ಕೆಲಸ ನೆಟ್ಟಗೆ ಆಗುತ್ತದೆ.

ಹೀಗಿರುವಾಗ ವೆಂಕೋಬ ಮಾಸ್ತರರು ನಮ್ಮೂರಿಗೆ ಬಂದರು. ಯಾವುದೋ ದೊಡ್ಡ ಊರಿನ ಕಾಲೇಜಿನಲ್ಲಿ ಜೀವಮಾನವಿಡೀ ಇಂಗ್ಲಿಷ್ ಕಾದಂಬರಿ ಪಾಠ ಹೇಳಿ ನಿವೃತ್ತರಾದವರು. ಮದುವೆ ಆಗಿರಲಿಲ್ಲ. ಹತ್ತಿಕಾಳಿನ ಗಿರಣಿಯ ಮೇಲಿನ ಖೋಲಿ ಹಿಡಿದು, ಎರಡು ಹೊತ್ತಿನ ಊಟಕ್ಕೆ ನೀಲಗಂಗವ್ವನ ಖಾನಾವಳಿ ಹಚ್ಚಿಕೊಂಡರು. ತಾವೂ ಒಂದು ಇಂಗ್ಲಿಷ್ ಕಾದಂಬರಿ ಬರೆಯುತ್ತಿದ್ದರು. ಬಹಳ ವರ್ಷದಿಂದ ಬರೆಯುತ್ತಿದ್ದರು. ಅದು ಮುಂದೆ ಸರಿಯುತ್ತಿರಲಿಲ್ಲ.

ನೀಲಗಂಗವ್ವ ಎಂದರೆ ನಮ್ಮ ಓಣಿಯ ಗಂಟಲು. ಅವಳು ಒಲೆಯ ಮುಂದೆ ಕೂತು "ಯಾರದು, ತಾಟಿನಾಗ ರೊಟ್ಟಿ ಬಿಟ್ಟವರು?" ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಕೂತವರೂ ತಮ್ಮ ಮುಂದೆ ತಾಟಿದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಅವಳ ಗಂಡ ಅಡಿವೆಪ್ಪ ಮದುವೆಯಾದ ಹೊಸದರಲ್ಲಿ ಕೊತ್ತಂಬರಿ ತರುತ್ತೇನೆಂದು ಸಂತೆಗೆ ಹೋದವನು ತಿರುಗಿ ಬಂದಿರಲಿಲ್ಲ. ಅವಳು ಸ್ವಲ್ಪ ದಿನ ದಾರಿ ನೋಡಿ, ಆಮೇಲೆ ಹಿತ್ತಲಲ್ಲಿ ತಾನೇ ಕೊತ್ತಂಬರಿ ಹಾಕಿಕೊಂಡಳು. ಗಂಡನ ಮನೆಯ ಪಡಸಾಲೆಯಲ್ಲೇ ಖಾನಾವಳಿ ಇಟ್ಟಳು.

ಮಾಸ್ತರರು ಒಂದು ದಿನ ಊಟವಾದ ಮೇಲೆ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗುಡ್ಡದ ಗೆರೆ ಎಳೆದರು. ಏರು, ನಡುವೆ ಒಂದು ಸಮತಟ್ಟು, ಮತ್ತೆ ಏರು, ಧಡಕ್ಕನೆ ಇಳಿಜಾರು, ಕಡೆಗೆ ತುದಿ.

"ಇದೇನ್ರೀ ಮಾಸ್ತರ, ಮೊನ್ನೆ ಸುಣ್ಣಾ ಹೊಡಸೀನಿ! ಗ್ವಾಡಿ ಮ್ಯಾಲ ಡುಬ್ಬದ ಒಂಟಿ ಬರದೀರಲ್ಲ?" ಎಂದಳು ನೀಲಗಂಗವ್ವ.

"ಒಂಟಿ ಅಲ್ಲ ನೀಲಗಂಗಾಬಾಯಿ, ಇದು ಕಾದಂಬರಿ" ಎಂದರು ಮಾಸ್ತರರು. "ಇಂಗ್ಲಿಷಿನೊಳಗ ಎಂಥಾ ಕಾದಂಬರಿ ತಗೊಂಡ್ರೂ ಇಷ್ಟೇ ಅದ. ಇಲ್ಲೆ ಮೊದಲನೇ ತಿರುವು, ನಾಯಕಿ ಮನೀ ಬಾಗಲಕ್ಕ ಲೋಕ ಬಂದು ನಿಂದರ್ತದ. ಇಲ್ಲೆ ನಟ್ಟ ನಡುವ ಎರಡನೇದು, ಹೋಯ್ತು ಅಂದದ್ದು ತಿರುಗಿ ಬರ್ತದ. ಇಲ್ಲೆ ಮೂರನೇದು, ನಾಯಕಿ ಎಲ್ಲಾ ಕಳಕೋತಾಳ. ಆಮ್ಯಾಲೆ ತುದಿ. ಇಷ್ಟು ಇರಲಿಲ್ಲಂದ್ರ ಅದು ಕಾದಂಬರಿ ಅಲ್ಲ, ಕಿರಾಣಿ ಚೀಟಿ."

"ಪದ್ಯದಾಗೂ ನಡುವ ಒಂದು ಉದ್ದನ ಸಾಲ ಬರ್ತೈತ್ರೀ" ಎಂದೆ ನಾನು, ನನಗೆ ಗೊತ್ತಿದ್ದದ್ದು ಅಷ್ಟೇ.

ಮಾಸ್ತರರಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. "ಅದ ನೋಡ್ರಿ! ನಟ್ಟ ನಡುವ! ಸಂಗಯ್ಯನವರ, ನೀವು ನನ್ನ ಕಾದಂಬರಿ ಕೇಳಬೇಕು."

ಮರುದಿನದಿಂದ ಊಟದ ಗದ್ದಲ ಮುಗಿದ ಮೇಲೆ ಖಾನಾವಳಿಯ ಬೆಂಚಿನ ಮೇಲೆ ಓದುವುದು ಶುರುವಾಯಿತು. ಅವರು ಒಂದು ವಾಕ್ಯ ಇಂಗ್ಲಿಷಿನಲ್ಲಿ ಓದಿ, ಅದನ್ನೇ ಕನ್ನಡದಲ್ಲಿ ಹೇಳುವರು. ನಾನು ಹೂಂ ಎನ್ನುವೆ. ಕಥೆಯಲ್ಲಿ ಮಾರ್ಗರೇಟ್ ಎಂಬ ಹೆಂಗಸು ಮಂಜು ಕವಿದ ಕಡಲ ದಂಡೆಯ ಊರಿನಲ್ಲಿ ಊಟದ ಮನೆ ನಡೆಸುತ್ತಾಳೆ. ಆಕೆ ಬೆಳಿಗ್ಗೆ ಎದ್ದಳು. ಹೂಂ. ಹಿಟ್ಟು ನಾದಿದಳು. ಹೂಂ. ನೀಲಗಂಗವ್ವ ಕಾಳು ಹಸನು ಮಾಡುತ್ತ ಕೂತಲ್ಲಿಂದಲೇ ಕೈ ತೋರಿಸಿ, "ಹಿಟ್ಟ ಹಂಗ ನಾದ್ತಾರೇನ್ರೀ? ಅಂಗೈ ಹಿಮ್ಮಡಿಲೆ ಒತ್ತಬೇಕು. ನಿಮ್ಮ ಮಾರ್ಗರೇಟವ್ವಗ ಯಾರೂ ಹೇಳಿಕೊಟ್ಟಿಲ್ಲೇನು?" ಎನ್ನುವಳು. ಮಾಸ್ತರರು ಗಡಬಡಿಸಿ ಅದನ್ನು ತಿದ್ದಿಕೊಳ್ಳುವರು. ಹೀಗೆ ತಿದ್ದಿ ತಿದ್ದಿ ಮಾರ್ಗರೇಟ್ ಎಡಗೈಯಲ್ಲಿ ಒಲೆ ಊದತೊಡಗಿದಳು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು, ತಾಟಿನಲ್ಲಿ ಊಟ ಬಿಟ್ಟವರನ್ನು ಇಂಗ್ಲಿಷಿನಲ್ಲಿ ಬೈದಳು. ಕಾಗದದ ಮೇಲೆ ಕಾಗದ ಮುಗಿಯಿತು. ಅವಳು ಹಿಟ್ಟು ನಾದುತ್ತಲೇ ಇದ್ದಳು.

ಕಡೆಗೆ ಮಾಸ್ತರರು ಕಾಗದ ಕೆಳಗಿಟ್ಟರು. "ಸಂಗಯ್ಯನವರ, ನೀವು ಹೂಂ ಅಂತೀರಿ, ಆಕಿ ನಾದ್ಕೋತ ಕೂಡ್ತಾಳ. ನನ್ನ ಪೆನ್ನು ಅತ್ತ ಇತ್ತ ಹೊಳ್ಳವಲ್ದು. ಒಂದ ಒಂದು ಸಲ ಆ ಮಾತು ಕೇಳ್ರಲಾ."

"ಬ್ಯಾಡ್ರೀ ಮಾಸ್ತರ" ಎಂದೆ.

"ಮಾರ್ಗರೇಟಿನ ಬಾಗಲಾ ಯಾರೋ ಬಡದ್ರು. ಆಕಿ ಹಿಟ್ಟಿನ ಕೈಲೆ ಎದ್ದಳು..." ಎಂದು ಓದಿ, ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ಸುಳ್ಳು ಹೇಳಬಾರದು. ಅಷ್ಟು ದಿನ ಆ ಹೆಂಗಸು ಹಿಟ್ಟು ನಾದುವುದನ್ನು ಕೇಳಿ ಕೇಳಿ ನನಗೂ ಬಾಗಿಲಲ್ಲಿ ಯಾರಿದ್ದಾರೆಂದು ತಿಳಿಯಬೇಕಿತ್ತು. ಅಭಿಮನ್ಯುವಿನ ಗತಿ ನನಗೆ ಗೊತ್ತಿತ್ತು. ಮಾರ್ಗರೇಟಿನದು ಗೊತ್ತಿರಲಿಲ್ಲ. ಮಠದ ಗದ್ದುಗೆಯ ದಿಕ್ಕಿಗೆ ಕೈ ಮುಗಿದು, ಜೀವನದಲ್ಲಿ ಮೊದಲ ಸಲ, "ಮುಂದೇನಾತು?" ಎಂದೆ.

ಮಾರ್ಗರೇಟಿನ ಬಾಗಿಲಲ್ಲಿ ಒಡೆದ ಹಡಗಿನ ಖಲಾಸಿಗಳೆಲ್ಲ ನಿಂತಿದ್ದರು, ಹಸಿದುಕೊಂಡು. ಮಾಸ್ತರರು ಆ ಸಾಲು ಬರೆದು ಪೆನ್ನಿನ ಮುಚ್ಚಳ ಹಾಕುವುದಕ್ಕೂ, ಓಣಿಯಲ್ಲಿ ನಾಟಕ ಕಂಪನಿಯ ಲಾರಿ ಕೆಟ್ಟು ನಿಲ್ಲುವುದಕ್ಕೂ ಸರಿಹೋಯಿತು. ದುರ್ಯೋಧನ, ಶಕುನಿ, ಪೇಟಿ ಮಾಸ್ತರ, ಪರದೆ ಎಳೆಯುವವರು ಎಲ್ಲರೂ ನೀಲಗಂಗವ್ವನ ಕಟ್ಟೆ ಏರಿ "ಅವ್ವಾ, ಊಟ ಐತೇನ್ರೀ?" ಎಂದರು. ಲಾರಿಯ ಬಿಡಿಭಾಗ ಬರುವವರೆಗೆ ಕಂಪನಿ ಅಲ್ಲೇ ಉಂಡಿತು, ಊರಿನಲ್ಲೇ ಆಡಿತು. ನೀಲಗಂಗವ್ವ ಎರಡು ಹೊಸ ಹಂಚು ಕೊಂಡಳು. ಸಂಗತಿ ತಿಳಿದಾಗ ನಮ್ಮ ಮೇಲೆ ಸವಟು ಬೀಸುತ್ತಾಳೆಂದು ನಾವು ಹೆದರಿದ್ದೆವು. ಅವಳು ಮಾಸ್ತರರಿಗೆ ಎಲ್ಲರಿಗಿಂತ ಮೊದಲು ತಾಟು ಹಾಕಲು ಶುರುಮಾಡಿ, "ಆ ಒಂಟೀ ಡುಬ್ಬ ಇನ್ನೂ ಎರಡು ಅದಾವಲ್ಲ?" ಎಂದು ಗೋಡೆ ನೋಡಿದಳು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಒಮ್ಮೆ ಕೇಳಿದ ಬಾಯಿ ನನ್ನದು, ಒಮ್ಮೆ ಹೊರಳಿದ ಪೆನ್ನು ಅವರದು. ನಟ್ಟ ನಡುವಿನ ಅಧ್ಯಾಯದಲ್ಲಿ ಮಾರ್ಗರೇಟ್ ಕಿಟಕಿಯಲ್ಲಿ ನಿಂತು ಕಡಲು ನೋಡುತ್ತಿದ್ದಳು, ದೂರದಲ್ಲಿ ಒಂದು ದೋಣಿ ಕಾಣಿಸಿತು. ನಾನು ಕೇಳಿದೆ. ಕಡಲಿನಲ್ಲಿ ಸತ್ತನೆಂದುಕೊಂಡ ಅವಳ ಗಂಡ ದೋಣಿಯಿಂದ ಇಳಿದ.

ನೀಲಗಂಗವ್ವ ಹಿತ್ತಲಿನಿಂದ ಬಂದಾಗ ಹೊಸ್ತಿಲಲ್ಲಿ ನೆರೆತ ಮೀಸೆಯ ಒಬ್ಬ ಮನುಷ್ಯ ನಿಂತಿದ್ದ. ಕೈಯಲ್ಲಿ ಒಂದು ಸಿವುಡು.

"ಕೊತ್ತಂಬ್ರಿ ತಂದೀನಿ" ಎಂದ ಅಡಿವೆಪ್ಪ.

ಅವಳು ಸಿವುಡು ತೆಗೆದುಕೊಂಡು ಮೂಸಿ ನೋಡಿದಳು. "ಇಷ್ಟು ತಡಾ ಮಾಡಿದ್ದಕ್ಕ ಸಂತಿ ಏನ್ ಕಾಶಿಯಾಗ ಕೂಡಿತ್ತೇನು?" ಎಂದಳು.

"ದಾರ್ಯಾಗ ಮಂದಿ ಮಾತಾಡ್ಸಿದ್ರು" ಎಂದ ಅವನು, ಒಳಗೆ ಬಂದು, ಮಾಸ್ತರರು ಕೂರುವ ಜಾಗದಲ್ಲಿ ಕೂತ.

ಅಂದಿನಿಂದ ಖಾನಾವಳಿಯ ಸುಖ ಹೋಯಿತು. ಅಡಿವೆಪ್ಪ ಸಾರಿಗೆ ಬೆಲ್ಲ ಹಾಕಿಸಿದ. ಉಣ್ಣುವವರ ಎದುರು ಕೂತು, ಊರೂರಿನ ಖಾನಾವಳಿಗಳಲ್ಲಿ ತಾನು ಉಂಡ ರೊಟ್ಟಿಗಳು ಇದಕ್ಕಿಂತ ಹೇಗೆ ತೆಳ್ಳಗಿದ್ದವು ಎಂದು ವರ್ಣಿಸಿದ. ಮಧ್ಯಾಹ್ನ ಬೆಂಚಿನ ಮೇಲೆ ಗೊರಕೆ ಹೊಡೆದ. ಅದೂ ಸಹಿಸಬಹುದಿತ್ತು. ಒಂದು ದಿನ ಎದ್ದವನೇ, "ಈ ಒಲಿ ಹೊಗಿ ಸಾಕಾತು. ಮನಿ ನಮ್ಮಪ್ಪಂದು. ಖಾನಾವಳಿ ತಗದು ಸೈಕಲ್ ಅಂಗಡಿ ಹಾಕ್ತೀನಿ. ಬರೂ ಸೋಮವಾರ ಬೋರ್ಡ ಬರಿಯಾವ ಬರ್ತಾನ. 'ಅಡಿವೆಪ್ಪ ಸೈಕಲ್ ಮಾರ್ಟ'" ಎಂದ.

ನೀಲಗಂಗವ್ವ ಅವನ ರಟ್ಟೆ ಹಿಡಿದು ಹೊರಗೆ ಹಾಕಿ ಕದ ಮುಚ್ಚಿದಳು. ಅವನು ನೆಟ್ಟಗೆ ಸಂತೆಯ ಕಡೆ ನಡೆದು ಹಿತ್ತಲ ಬಾಗಿಲಿನಿಂದ ಒಳಗೆ ಬಂದ. ಎರಡನೆಯ ಸಲ ಬಸ್ ಸ್ಟ್ಯಾಂಡಿನ ಕಡೆ ದಬ್ಬಿದಳು, ಪಡಸಾಲೆಯ ಕಿಟಕಿಯಿಂದ ಕಾಲು ಒಳಗಿಟ್ಟ. ಅವನಿಗೇ ಸೋಜಿಗ. "ಹೋಗಬೇಕಂತ ನಾನೂ ಮನಸ ಮಾಡೀನಿ ಮಾರಾಯ್ತಿ, ಕಾಲ ಕೇಳವಲ್ವು" ಎಂದ. ಹೊರಳಿಸಿ ತಂದದ್ದು ಮತ್ತೆ ಹೊರಳಿಸದೆ ಹೋಗುವುದಿಲ್ಲ, ನಮ್ಮೂರಿನಲ್ಲಿ ಅದೊಂದು ತೊಂದರೆ.

ಅವಳು ಸೀದಾ ಗಿರಣಿಯ ಮೇಲಿನ ಖೋಲಿಗೆ ಬಂದಳು. ನಾನೂ ಅಲ್ಲೇ ಇದ್ದೆ. ಸೊಂಟಕ್ಕೆ ಕೈ ಕೊಟ್ಟು ನಿಂತು, "ಮಾಸ್ತರ, ಈ ಹೆಣಾ ತಂದವರು ನೀವು. ನೀವ ಒಯ್ಯಬೇಕು" ಎಂದಳು.

ಮಾಸ್ತರರ ಮುಖ ಬಾಡಿತು. "ಮುಂದಿನ ತಿರುವಿನ್ಯಾಗ ಹೋಗ್ತಾನ, ನೀಲಗಂಗಾಬಾಯಿ. ಆದರ ಮುಂದಿನ ತಿರುವು..."

"ಎಲ್ಲಾ ಕಳಕೊಳ್ಳೂದು" ಎಂದೆ ನಾನು. ಗೋಡೆಯ ಚಿತ್ರ ನನಗೆ ಬಾಯಿಪಾಠ ಆಗಿತ್ತು.

"ಅಂದ್ರ ಅಂವಾ ಹೊಕ್ಕಾನ, ಖಾನಾವಳೀನೂ ಹೊಕ್ಕೈತಿ. ಹೌದಲ್ರೀ?" ಎಂದಳು ಅವಳು. ಮಾಸ್ತರರು ಕಾಗದ ತಿರುವಿ ಹಾಕಿದರು. "ಸ್ವಲ್ಪ ಸಣ್ಣದು ಬರೀರಿ. ಬರೆಯಾವರು ನೀವ ಅಲ್ಲೇನು? ಒಂದ ತಾಟ ಕಳೀಲಿ. ಒಂದ ಕೋಳಿ ಕಳೀಲಿ."

ಮಾಸ್ತರರು ಪ್ರಯತ್ನ ಮಾಡಿದರು. ಮಾರ್ಗರೇಟ್ ಒಂದು ಛತ್ರಿ ಕಳೆದುಕೊಂಡಳು. ನಾನು ಕೇಳಿದೆ. ನೀಲಗಂಗವ್ವನ ಕಡೆಗೋಲು ಮಾಯವಾಯಿತು. ಅಡಿವೆಪ್ಪ ತೆಂಗಿನ ಚಿಪ್ಪಿಗೆ ಕೋಲು ಕಟ್ಟಿ ಇನ್ನೊಂದು ಕಡೆಗೋಲು ಮಾಡಿಕೊಟ್ಟು, ಮತ್ತೆ ಬೆಂಚಿನ ಮೇಲೆ ಮಲಗಿದ. "ಆಗೂದಿಲ್ಲ" ಎಂದರು ಮಾಸ್ತರರು. "ಎಲ್ಲಾ ಅಂದ್ರ ಎಲ್ಲಾ. ಇದರಾಗ ಚೌಕಾಸಿ ನಡೆಯೂದಿಲ್ಲ."

ನೀಲಗಂಗವ್ವ ಸವಟಿನ ಹಿಡಿಯಿಂದ ಗಲ್ಲ ಕೆರೆದುಕೊಂಡಳು. ನಂತರ ಅವಳ ಕಣ್ಣಿನಲ್ಲಿ ಒಂದು ಮಿಂಚು ಬಂತು. "ಹಂಗಾರ ಕಳಕೊಂಡಬಿಡೂಣು. ಅದು ಬಂದು ತಗೊಂಡು ಹೋಗೂಕಿಂತ ಮೊದಲ ನಾವ ಕಳಕೊಂಡಬಿಡೂಣು. ಖಾಲಿ ಮನಿಗೆ ಬಂದು ಏನ ಕಸಗೋತೈತಿ?"

ಶನಿವಾರ ಮಧ್ಯಾಹ್ನ ಅಡಿವೆಪ್ಪ ಉಂಡು ಮಲಗಿದೊಡನೆ ಓಣಿ ಕೆಲಸಕ್ಕಿಳಿಯಿತು. ಹಂಡೆ, ಕೊಪ್ಪರಿಗೆ ಮಠಕ್ಕೆ ಹೋದವು. ತಾಟುಗಳನ್ನು ಸಿಂಪಿಗರ ಬಾಳವ್ವ ಸೆರಗಿನಲ್ಲಿ ಶಬ್ದವಾಗದಂತೆ ಒಯ್ದಳು. ಹುಸೇನಸಾಬರು ಟಾಕೀಸಿನ ಆಳುಗಳನ್ನು ಕಳಿಸಿ ರೊಟ್ಟಿ ಹಂಚು, ಹಿಟ್ಟಿನ ಡಬ್ಬಿ, ಉಪ್ಪಿನಕಾಯಿ ಭರಣಿ ಎಲ್ಲವನ್ನೂ ಪರದೆಯ ಹಿಂದೆ ಬಚ್ಚಿಡಿಸಿದರು. ಒರಳು ಎತ್ತಲು ಬರಲಿಲ್ಲ, ಅದನ್ನು ಮಾತ್ರ ಬಾಯಿಮಾತಿನಲ್ಲಿ ಪಕ್ಕದ ಮನೆಯವರಿಗೆ ಕೊಟ್ಟೆವು. ಹಿತ್ತಲಿನ ಕೋಳಿಗಳು ಬುಟ್ಟಿಯಲ್ಲಿ ಹೋದವು. ಉಣ್ಣಲು ಬರುತ್ತಿದ್ದವರು ಆ ದಿನ ತಮ್ಮ ತಮ್ಮ ಮನೆಯಲ್ಲಿ ಉಂಡರು. ಅವರ ಹೆಂಡಂದಿರು ಗಾಬರಿಯಾದರು. ಕಡೆಗೆ ನೀಲಗಂಗವ್ವ ಒಲೆಯಲ್ಲಿನ ಕೆಂಡವನ್ನೂ ಮಡಕೆಯಲ್ಲಿ ಹಾಕಿ ಬಾಳವ್ವನ ಕೈಗಿತ್ತಳು. ಉಳಿದದ್ದು ಸುಣ್ಣದ ಗೋಡೆ, ಅದರ ಮೇಲಿನ ಗುಡ್ಡ, ಅಡಿವೆಪ್ಪ ಮಲಗಿದ್ದ ಬೆಂಚು, ನಾವು ಮೂವರು.

ಮಾಸ್ತರರು ನೆಲದ ಮೇಲೆ ಕೂತು ಓದಲು ಶುರುಮಾಡಿದರು. ಮಾರ್ಗರೇಟಿನ ಊಟದ ಮನೆ ಖಾಲಿಯಾಗಿತ್ತು. ಹೂಂ. ಒಲೆ ತಣ್ಣಗಾಗಿತ್ತು. ಹೂಂ. ಅವಳು ಖಾಲಿ ಮನೆಯ ನಡುವೆ ನಿಂತಳು, ಹೊರಗೆ ಕಡಲು ಏರುತ್ತಿತ್ತು, ಆಗ ಮಹಡಿಯ ಮೇಲೆ ಒಂದು ಹೆಜ್ಜೆಯ ಸಪ್ಪಳವಾಯಿತು... ಅಲ್ಲಿಗೆ ನಿಲ್ಲಿಸಿ ಮಾಸ್ತರರು ಕೇಳಿರೆಂದು ನನಗೆ ಸನ್ನೆ ಮಾಡಿದರು. ನಾನು ಉಸಿರು ಎಳೆದುಕೊಂಡೆ.

"ಮುಂದೇನಾತು?" ಎಂದಿತು ಬೆಂಚು.

ಅಡಿವೆಪ್ಪ ಎದ್ದು ಕೂತಿದ್ದ. ಎಷ್ಟೋ ವರ್ಷ ಹೊರಗೆ ತಿರುಗಿದವನು, ಊರಿನ ಹೂಂ ಅವನಿಗೆ ಮರೆತಿತ್ತು. ಬಿಕೋ ಎನ್ನುವ ಮನೆಯನ್ನು ಅವನು ನೋಡಲೇ ಇಲ್ಲ. ಕಣ್ಣು ಮಾಸ್ತರರ ಮೇಲಿತ್ತು.

ಮಾಸ್ತರರು ಅವನನ್ನೇ ದಿಟ್ಟಿಸಿದರು. ಆಮೇಲೆ ಅವರೇ ನನಗೆ ಹೇಳಿದರು: ಅಷ್ಟು ವರ್ಷ ಪಾಠ ಹೇಳಿದ್ದರಲ್ಲಿ ಪರೀಕ್ಷೆಗೆ ಏನು ಬರುತ್ತದೆಂದು ಕೇಳಿದವರಿದ್ದರು, ಗಂಟೆ ಯಾವಾಗ ಹೊಡೆಯುತ್ತದೆಂದು ಕೇಳಿದವರಿದ್ದರು, ಈ ಮಾತನ್ನು ಅಕ್ಕರೆಯಿಂದ ಕೇಳಿದ ಮೊದಲ ಮನುಷ್ಯ ಅಡಿವೆಪ್ಪ. "ಮಹಡಿ ಮ್ಯಾಲೆ ಯಾರೂ ಇರಲಿಲ್ಲ" ಎಂದರು ಮಾಸ್ತರರು, ಕಾಗದ ನೋಡದೆ. "ಇದ್ದದ್ದು ಬರೇ ಒಂದು ಜೋಡಿ ಬೂಟು. ಅವು ತಾವ ನಡಕೋತ ಬಾಗಲದ ಕಡೆ ಹೊಂಟವು."

"ಮುಂದೇನಾತು?" ಎಂದು ಅಡಿವೆಪ್ಪ ಬೆಂಚಿನಿಂದ ಇಳಿದ.

ನಾನು ಅವನ ಬಾಯಿ ಮುಚ್ಚಲು ಎದ್ದೆ. ನೀಲಗಂಗವ್ವ ಮಾತ್ರ ಥಟ್ಟನೆ ಅರ್ಥಮಾಡಿಕೊಂಡಳು. ಮಾಸ್ತರರ ಹೆಗಲು ಹಿಡಿದು ಎಬ್ಬಿಸಿ, ಬಾಗಿಲ ಕಡೆಗೆ ಸರಿಸಿ, "ಹೇಳಕೋತ ನಡೀರಿ ಮಾಸ್ತರ, ನಿಂದರಬ್ಯಾಡ್ರಿ" ಎಂದಳು ಮೆಲ್ಲಗೆ.

ಮಾಸ್ತರರು ಹಿಂದುಹಿಂದಕ್ಕೆ ನಡೆಯುತ್ತ ಹೇಳಿದರು, ಅಡಿವೆಪ್ಪ ಮುಂದುಮುಂದಕ್ಕೆ ಬರುತ್ತ ಕೇಳಿದ. ಬೂಟು ಕಡಲ ದಂಡೆಗೆ ಬಂದವು, ಮುಂದೇನಾತು, ಮಾರ್ಗರೇಟ್ ಬೆನ್ನು ಹತ್ತಿದಳು, ಮುಂದೇನಾತು, ದೀಪಸ್ತಂಭದ ಕಾವಲುಗಾರ ಅವಳನ್ನು ಗುರುತಿಸಿದ. ಓಣಿಯವರು ಕದ ಮುಚ್ಚಿ ಸಂದಿಯಲ್ಲಿ ನೋಡಿದರು. ಪ್ರತಿ ಸಲ ಅವನು ಕೇಳಿದಾಗಲೂ ಹಾದಿಯಲ್ಲಿ ಏನಾದರೊಂದು ಹೊರಳುತ್ತಿತ್ತು. ಕ್ಷೌರದಂಗಡಿಯಲ್ಲಿ ಕೂತಿದ್ದ ಪೋಸ್ಟಮನ್ನನ ಮೀಸೆ ಕ್ಷೌರಿಕನ ಮುಖಕ್ಕೆ ಬಂತು. ಕುರಿಹಿಂಡು ಸಾಲಾಗಿ ಸಹಕಾರಿ ಸೊಸಾಯಿಟಿಯೊಳಗೆ ಹೋಯಿತು, ಸೊಸಾಯಿಟಿಯ ಪಂಚರು ಸಾಲಾಗಿ ಮೇಯಲು ಹೊರಟರು. ಬಾಳವ್ವನ ಮನೆಯ ಗಿಳಿ ಇಂಗ್ಲಿಷಿನಲ್ಲಿ ಕೆಮ್ಮಿತು. ಮಾಸ್ತರರು ಯಾವುದನ್ನೂ ಗಮನಿಸಲಿಲ್ಲ. ಅವರ ಕೈಯಲ್ಲಿದ್ದ ಕಾಗದ ಒಂದೊಂದಾಗಿ ಕೆಳಗೆ ಬೀಳುತ್ತಿತ್ತು, ಮುಖ ಹತ್ತಿದ ದೀಪದಂತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹೊರಟು ನಿಂತ ಬಸ್ಸಿನ ಹಿಂಬಾಗಿಲಿಗೆ ಬೆನ್ನು ಮಾಡಿಕೊಂಡೇ ಏರಿದರು. ಅಡಿವೆಪ್ಪನೂ ಏರಿದ. ಕಂಡಕ್ಟರ ಸೀಟಿ ಊದಿದ. ಬಸ್ಸು ತಿರುವಿನಲ್ಲಿ ಕಣ್ಮರೆಯಾಗುವಾಗ ಕಿಟಕಿಯಿಂದ ಅಡಿವೆಪ್ಪನ ದನಿ ಇನ್ನೊಂದು ಸಲ ಕೇಳಿಸಿತು.

ಓಣಿಯಲ್ಲಿ ಹಬ್ಬ. ಹಂಡೆ ಬಂತು, ಹಂಚು ಬಂತು, ಭರಣಿ ಬಂತು, ಸ್ವಲ್ಪ ಕಡಿಮೆಯಾಗಿ. ಬೋರ್ಡು ಬರೆಯುವವನಿಗೆ ಬರಬೇಡವೆಂದು ಹೇಳಿಕಳಿಸಿದೆವು. ಪಂಚರನ್ನು ಹುಲ್ಲಿನಿಂದ ಎಬ್ಬಿಸಿ ತಂದೆವು. ಪೋಸ್ಟಮನ್ನ ಮೀಸೆ ವಾಪಸು ಕೇಳಿದ, ಕ್ಷೌರಿಕ ತನಗೇ ಒಪ್ಪುತ್ತದೆಂದು ಇಟ್ಟುಕೊಂಡ. ಒಲೆಗೆ ಕೆಂಡ ಬಿತ್ತು. ನೀಲಗಂಗವ್ವ ಹಿಟ್ಟು ನಾದಿ, ಮೊದಲ ರೊಟ್ಟಿ ಬಡಿದು ಬೇಯಿಸಿ, ತಾಟಿಗೆ ಹಾಕಿ, ಗೋಡೆಯ ಕೆಳಗೆ ಮಾಸ್ತರರು ಕೂರುವ ಜಾಗದಲ್ಲಿ ಇಟ್ಟಳು. ಇಟ್ಟವಳು ಹಾಗೇ ನಿಂತಳು. ಆ ಜಾಗದಲ್ಲಿ ಯಾರೂ ಇರಲಿಲ್ಲ.

"ಸಂಗಯ್ಯಾರ" ಎಂದಳು. "ಒರಳ ಸೈತ ಲೆಕ್ಕಕ್ಕ ಹಿಡದ್ವಿ. ಈ ಮನಷ್ಯಾನ್ನ ಯಾರ ಮನ್ಯಾಗ ಬಚ್ಚಿಡಬೇಕಂತ ನೆನಪಾಗಲಿಲ್ಲ ನೋಡ್ರಿ."

ಗೋಡೆಯ ಮೇಲಿನ ಇಳಿಜಾರು ನನ್ನ ಕಣ್ಣಿಗೆ ಬಿತ್ತು. ಎಲ್ಲಾ ಅಂದರೆ ಎಲ್ಲಾ ಎಂದು ಅವರೇ ಹೇಳಿದ್ದರು.

ಅವಳು ಒಲೆಯ ಮುಂದೆ ಕೂತು ಹೇಳಿದಳು, ನನಗೋ, ಒಲೆಗೋ: "ಈಗ ಬಸ್ ಎಲ್ಲೋ ನಿಂತಿರತೈತಿ. ಅವಗ ಹೇಳಿ ಹೇಳಿ ಮಾಸ್ತರ ಗಂಟ್ಲ ಆರಿರತೈತಿ. ಮಗ್ಗಲಕ್ಕ ಅಂವಾ ಕುಂತಿರತಾನ..."

ನನ್ನ ನಾಲಿಗೆಯ ತುದಿಗೆ ಆ ಮಾತು ಬಂದು ಕೂತಿತು. ಒಂದು ಸಲ ಕೇಳಿದರೆ ಸಾಕು, ಬಸ್ಸು ಹೊರಳಿ ಈ ಬಾಗಿಲಿಗೇ ಬಂದೀತು. ನನ್ನ ಬಾಯಿ ತೆರೆದದ್ದು ಕಂಡು ಅವಳು ಲಟಕ್ಕನೆ ಸವಟು ಎತ್ತಿದಳು.

"ಕೇಳೀರಿ ಮತ್ತ! ಇಬ್ರೂ ಕೂಡಿ ಬಂದ್ರ ಏನ್ ಮಾಡ್ಲಿ ನಾನು?"

"ಹಂಗಾರ ಹಂಗ ಬಿಡೂದೇನು, ತಂಗಿ?"

"ಹಂಗ ಬಿಡ್ರಿ. ನೆಟ್ಟಗ ಬಿಡ್ರಿ" ಎಂದಳು. ಇನ್ನೊಂದು ಉಂಡೆಯನ್ನು ಕೈಗೆತ್ತಿಕೊಂಡು ಬಡಿಯತೊಡಗಿದಳು. "ಬಿಟ್ಟು ಹೋಗೂದು ಅವನ ಹುಟ್ಟುಗುಣ. ಇಲ್ಲಿ ಬಂದು ಸಿಕ್ಕೊಂಡು ಪಾಪ ಅವಗೂ ಸಾಕಾಗಿತ್ತು. ಕಾಲು ಬಿಡುವಾದ್ರ ಮುಂದಿನ ಸ್ಟಾ‌ಪಿಗೆ ಇಳದು ಎಲ್ಯಾರ ಹೊಕ್ಕಾನ. ಹೊತ್ತಿಗೆ ಸರಿಯಾಗಿ ಉಣ್ಣಾಕ ಬರೂದು ಮಾಸ್ತರ ಗುಣ. ಇಷ್ಟ ದಿನದಾಗ ಒಂದ ಹೊತ್ತು ತಪ್ಪಿಸ್ಯಾರೇನು? ಹೊರಳಸಬ್ಯಾಡ್ರಿ. ಇಬ್ರನೂ ಅವರವರ ಹಾದಿಗೆ ಬಿಡ್ರಿ. ನಾ ಹೇಳ್ತೀನಿ, ನೀವು ನಿಮ್ಮ ಕೆಲಸ ಮಾಡ್ರಿ."

ಅವಳು ಹೇಳಿದಳು. ಬಸ್ಸು ಹೋಗುತ್ತದೆ. ಹೋದ ಬಸ್ಸು ಬರುತ್ತದೆ. ಹಸಿದವರು ಇಳಿಯುತ್ತಾರೆ. ನಾನು ಕಂಬಕ್ಕೆ ಒರಗಿ, ಅಜ್ಜನ ಪದ್ಯದ ಉದ್ದ ಸಾಲಿಗೆ ಹೇಳುತ್ತಿದ್ದಂತೆ, ಹೊಟ್ಟೆಯೊಳಗಿನಿಂದ ಹೂಂ ಎಂದೆ. ಅಷ್ಟು ಕಷ್ಟದ ಹೂಂ ನಾನು ಅದಕ್ಕೆ ಮೊದಲು ಹೇಳಿರಲಿಲ್ಲ.

ಮರುದಿನ ಖಾನಾವಳಿ ತುಂಬಿತ್ತು. ಊಟದ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಮಾಸ್ತರರು. ಅಂಗಿಯೆಲ್ಲ ಧೂಳು, ಕೈಯಲ್ಲಿ ಒಂದೂ ಕಾಗದವಿಲ್ಲ, ಕಣ್ಣು ಮಾತ್ರ ಫಳಫಳ. ಚಪ್ಪಲಿ ಬಿಡುವುದರೊಳಗೆ ಶುರುಮಾಡಿದರು.

"ಏನಂತ ಹೇಳಲಿ! ಊರಿನ ಹದ್ದು ದಾಟಿತು ಬಸ್ಸು..." ಎಂದು ನಿಲ್ಲಿಸಿ ಎಲ್ಲರ ಮುಖ ನೋಡಿದರು.

ತುತ್ತು ಎತ್ತಿದ ಕೈಗಳು ಅಲ್ಲಲ್ಲೇ ನಿಂತವು. ಕೇಳಬೇಕೆಂಬ ಚಪಲ ಎಲ್ಲರ ಗಂಟಲಿನಲ್ಲೂ ಮೇಲೆ ಕೆಳಗೆ ಓಡಾಡುವುದು ಕಣ್ಣಿಗೇ ಕಾಣುತ್ತಿತ್ತು. ಹುಸೇನಸಾಬರು ಇಡೀ ಉಳ್ಳಾಗಡ್ಡಿಯನ್ನು ಬಾಯಿಗೆ ತುರುಕಿಕೊಂಡರು.

"ಹೂಂ" ಎಂದೆವು ಎಲ್ಲರೂ ಕೂಡಿ.

"ದಾಟಿದ್ದ ತಡ, ಅಡಿವೆಪ್ಪ ನನ್ನ ಕೈ ಹಿಡಕೊಂಡು ಅಂದಾ..." ಮತ್ತೆ ನಿಲ್ಲಿಸಿದರು. ಎಂಥ ಜಾಗದಲ್ಲಿ ನಿಲ್ಲಿಸುವುದೆಂದು ಅವರಿಗೆ ಗೊತ್ತಿತ್ತು, ಆಯುಷ್ಯವನ್ನೇ ಅದಕ್ಕೆ ಸವೆಸಿದ ಮನುಷ್ಯ.

"ಹೂಂ."

"ಅಲ್ರೀ, ಯಾರರೇ ಕೇಳ್ರಲಾ!"

"ಹೂಂ."

ಮಾಸ್ತರರು ಉಸಿರು ಬಿಟ್ಟು ಗೋಡೆಯ ಕೆಳಗೆ ಕೂತರು. ಅಡಿವೆಪ್ಪನಿಗೆ ಹೊರಗೆ ಹೋದ ಕೂಡಲೇ ಕಥೆ ಬೇಜಾರಾಯಿತಂತೆ. ಎರಡನೆಯ ಸ್ಟಾಪಿನಲ್ಲಿ ಇಳಿದು ಹೊರಟುಹೋದನಂತೆ. ಮಾಸ್ತರರು ಅಲ್ಲೇ ಒಂದು ಗುಡಿಯ ಕಟ್ಟೆಯ ಮೇಲೆ ಕೂತು, ತಿರುಗಿ ಬರುವ ಬಸ್ಸು ಹಿಡಿದರಂತೆ. ಇಷ್ಟೇ. ಒಂದೂ ತಿರುವಿಲ್ಲ. ಇಷ್ಟನ್ನು ಹೇಳುವಾಗ ಅವರ ಮುಖ ಎಷ್ಟು ಸಣ್ಣದಾಯಿತೆಂದರೆ ನನಗೇ ಅಯ್ಯೋ ಎನಿಸಿತು.

ನೀಲಗಂಗವ್ವ ಎದ್ದಳು. ಹಂಚಿನಿಂದ ಆಗತಾನೇ ಇಳಿದ ರೊಟ್ಟಿ, ಎಣ್ಣೆಗಾಯಿ ತಂದು ಮುಂದೆ ಇಟ್ಟಳು. ಅವರು ಉಣ್ಣುವ ತನಕ ಅಲ್ಲೇ ಕೂತು, ಸೆರಗಿನಿಂದ ನೊಣ ಹೊಡೆದಳು. ಅದು ಅವಳು ಯಾರಿಗೂ ಮಾಡಿದ ಕೆಲಸವಲ್ಲ. ನಾವೆಲ್ಲ ನಮ್ಮ ನಮ್ಮ ತಾಟುಗಳನ್ನು ನೋಡುತ್ತ ಕೂತೆವು.

"ಇನ್ನೊಂದ ರೊಟ್ಟಿ ಹಾಕ್ಲೇನ್ರೀ?" ಎಂದಳು ಕಡೆಗೆ.

ಮಾಸ್ತರರು ತಲೆ ಎತ್ತಿ ಅವಳನ್ನು ನೋಡಿದರು. ಹುಸೇನಸಾಬರು ಇನ್ನೊಂದು ಉಳ್ಳಾಗಡ್ಡಿಗೆ ಕೈ ಹಾಕಿದರು.

"ಹೂಂ" ಎಂದರು.